ಗಲ್ಲಾದ ಹಿಂದಿನಿಂದ: ಬಿಲ್ ಕೌಂಟರಿನ ಪ್ರಶ್ನೋತ್ತರ

ಕಲಬುರಗಿಯ ಕಿರಾಣಿ ಬಜಾರದ ಒಂದು ಅಂಗಡಿಯಲ್ಲಿ ಕೈಬರಹದ ಚೀಟಿ ಬರೆಯಲು ಸೇರಿದವಳು, ಆಮೇಲೆ ದೊಡ್ಡ ಮಳಿಗೆಯ ಕ್ಯಾಷಿಯರ್ ಆಗಿ, ಒಟ್ಟು ಇಪ್ಪತ್ತೊಂದು ವರ್ಷ ಗಲ್ಲಾದ ಹಿಂದೆ ಕಳೆದೆ. ಈಗ ಮೊಣಕಾಲು ನಿಲ್ಲಲು ಒಪ್ಪುವುದಿಲ್ಲ. ಹೊಸದಾಗಿ ಸೇರುವ ಹುಡುಗಿಯರಿಗೆ ಕೆಲಸ ಕಲಿಸುತ್ತೇನೆ. ಬಿಲ್ ಕೌಂಟರಿನ ಬಗ್ಗೆ ಏನಿದ್ದರೂ ಕೇಳಿ ಎಂದು ಸಂಪಾದಕರು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದಕ್ಕೆ ಬಂದ ಪತ್ರಗಳಲ್ಲಿ ಅರ್ಧ ದೂರು, ಕಾಲು ಭಾಗ ಉಪದೇಶ, ಉಳಿದದ್ದು ಪ್ರಶ್ನೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚು. ಆದ್ದರಿಂದ ಎಲ್ಲರದೂ ಊರು ಮಾತ್ರ ಹಾಕಿದ್ದೇನೆ.

ಎರಡು ತಿಂಗಳಿನಿಂದ ಕ್ಯಾಷಿಯರ್ ಆಗಿದ್ದೇನೆ. ವಾರಕ್ಕೆ ಒಂದೆರಡು ಸಲ ರಾತ್ರಿಯ ಲೆಕ್ಕದಲ್ಲಿ ನೂರು, ನೂರೆಂಬತ್ತು, ಇನ್ನೂರು ಹೀಗೆ ಕಡಿಮೆ ಬೀಳುತ್ತದೆ. ಸಂಬಳದಲ್ಲಿ ಹಿಡಿಯುತ್ತಾರೆ. ನಾನು ಒಂದು ಪೈಸೆ ಮುಟ್ಟಿದವಳಲ್ಲ ಅಕ್ಕಾ. ಏನು ಮಾಡಲಿ? (ಸೇಡಂ)

ತಂಗೀ, ಎಷ್ಟು ಕಡಿಮೆ ಬಿತ್ತು ಎಂಬ ಅಂಕಿಯೇ ಎಲ್ಲಿ ತಪ್ಪಿತು ಎಂಬುದನ್ನು ಹೇಳುತ್ತದೆ. ನೂರೆಂಬತ್ತು ಎಂದು ಬರೆದಿದ್ದೀಯಲ್ಲ, ಅದನ್ನು ಓದಿದ ಕೂಡಲೇ ನನಗೆ ನಗು ಬಂತು. 2017ರಲ್ಲಿ ಬಂದ 200ರ ನೋಟು ಹಳದಿ, 2019ರಲ್ಲಿ ಬಂದ 20ರ ಹೊಸ ನೋಟು ಹಸಿರು ಬೆರೆತ ಹಳದಿ. ರಾತ್ರಿ ಎಂಟರ ಮೇಲೆ ಟ್ಯೂಬ್‌ಲೈಟಿನ ಕೆಳಗೆ, ಸಾಲಿನಲ್ಲಿ ಹನ್ನೆರಡು ಜನ ನಿಂತಿರುವಾಗ, ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. 20 ಕೊಡುವ ಕಡೆ 200 ಕೊಟ್ಟರೆ ನಷ್ಟ ಸರಿಯಾಗಿ ನೂರೆಂಬತ್ತು. ಆ ಎರಡು ನೋಟುಗಳನ್ನು ಡ್ರಾಯರಿನಲ್ಲಿ ಅಕ್ಕಪಕ್ಕದ ಖಾನೆಯಲ್ಲಿ ಇಡಲೇಬೇಡ. ನಡುವೆ 50 ಇರಲಿ, 100 ಇರಲಿ.

ಕೊರತೆ 347, 612 ಹೀಗೆ ಬಿಡಿ ಅಂಕಿಯಲ್ಲಿದ್ದರೆ ನೋಟಿನ ತಪ್ಪಲ್ಲ. ಗ್ರಾಹಕರು ಫೋನಿನಿಂದ ಕೊಟ್ಟಿರುತ್ತಾರೆ, ನೀನು ಅವಸರದಲ್ಲಿ ನಗದು ಎಂಬ ಗುಂಡಿ ಒತ್ತಿರುತ್ತೀಯ. ಯಂತ್ರದ ಲೆಕ್ಕದಲ್ಲಿ ನಗದು ಹೆಚ್ಚು, ಪೆಟ್ಟಿಗೆಯಲ್ಲಿ ಕಡಿಮೆ. ಆ ದಿನದ ಯುಪಿಐ ಮೊತ್ತ ತೆಗೆಸಿ ನೋಡು, ಅಷ್ಟೇ ಹಣ ಅಲ್ಲಿ ಹೆಚ್ಚಾಗಿ ಕುಳಿತಿರುತ್ತದೆ. ಈಗಿನ ಕೊರತೆಗಳಲ್ಲಿ ಹೆಚ್ಚಿನವು ಇವೇ.

ಇನ್ನು ಕೈಯ ಅಭ್ಯಾಸ. ಗ್ರಾಹಕರು ಕೊಟ್ಟ ನೋಟನ್ನು ತಕ್ಷಣ ಒಳಗೆ ಹಾಕಬೇಡ. ಚಿಲ್ಲರೆ ಕೊಟ್ಟು ಮುಗಿಯುವವರೆಗೆ ಅದು ಡ್ರಾಯರಿನ ಮೇಲೆ ಇಬ್ಬರಿಗೂ ಕಾಣುವಂತೆ ಇರಲಿ. "ಐನೂರು ಬಂತು" ಎಂದು ಬಾಯಿಬಿಟ್ಟು ಹೇಳು. ಚಿಲ್ಲರೆಯನ್ನು ಬಿಲ್ಲಿನ ಮೊತ್ತದಿಂದ ಮೇಲಕ್ಕೆ ಎಣಿಸು. ಬಿಲ್ 362 ಆಗಿದ್ದರೆ, ಎಂಟು ರೂಪಾಯಿ ಇಟ್ಟು "ಮುನ್ನೂರ ಎಪ್ಪತ್ತು", ಮೂವತ್ತು ಇಟ್ಟು "ನಾನೂರು", ನೂರರ ನೋಟು ಇಟ್ಟು "ಐನೂರು". ಯಂತ್ರ 138 ಎಂದು ತೋರಿಸಿದರೂ ಹೀಗೆಯೇ ಎಣಿಸು. ಆ ಮನುಷ್ಯ ಕೇಳಿಸಿಕೊಳ್ಳುತ್ತಾನೆ, ಹಿಂದೆ ನಿಂತವರೂ ಕೇಳಿಸಿಕೊಳ್ಳುತ್ತಾರೆ. ಅರ್ಧ ಗಂಟೆ ಬಿಟ್ಟು ಬಂದು "ನಾನು ಐನೂರು ಕೊಟ್ಟಿದ್ದೆ, ನೀವು ಇನ್ನೂರು ಎಂದುಕೊಂಡಿರಿ" ಎನ್ನುವ ಜಗಳಕ್ಕೆ ಅಲ್ಲಿಯೇ ಬೀಗ ಬೀಳುತ್ತದೆ.

ನನಗೆ ಇದನ್ನು ಕಲಿಸಿದ್ದು ಯಾವ ಮ್ಯಾನೇಜರೂ ಅಲ್ಲ. ಅಪ್ಪ ನೆಹರು ಗಂಜಿನಲ್ಲಿ ಹಮಾಲಿ. ತೊಗರಿ ಚೀಲ ಲಾರಿಗೆ ಏರುವಾಗ ಎಣಿಕೆ ಗಟ್ಟಿಯಾಗಿಯೇ ನಡೆಯಬೇಕು. ಒಂದು ಎನ್ನುವುದಿಲ್ಲ, "ಲಾಭ" ಎನ್ನುತ್ತಾರೆ. ಲಾಭ, ಎರಡು, ಮೂರು. ಕೊಡುವವನೂ ಕೊಳ್ಳುವವನೂ ಹೊರುವವನೂ ಒಂದೇ ಎಣಿಕೆಯನ್ನು ಕೇಳಿಸಿಕೊಂಡ ಮೇಲೆ ತಕರಾರು ಎಲ್ಲಿಂದ ಬರಬೇಕು?

ಸಂಬಳದ ಮಾತು. ಕೊರತೆ ನಿನ್ನ ನಿರ್ಲಕ್ಷ್ಯದಿಂದಲೇ ಆಗಿದ್ದರೆ ಮಾತ್ರ ಹಿಡಿಯಬಹುದು, ಅದೂ ನಿನ್ನ ವಿವರಣೆ ಕೇಳಿದ ಮೇಲೆ. 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ಇದೇ ನಿಯಮ. ನೀನು ಊಟಕ್ಕೆ ಹೋದಾಗ ಬೇರೆಯವರು ನಿನ್ನ ಗಲ್ಲಾದಲ್ಲಿ ಕುಳಿತರೆ ಆ ಕೊರತೆ ನಿನ್ನದು ಹೇಗಾಗುತ್ತದೆ? ಕೈ ಬದಲಾದಾಗಲೆಲ್ಲ ಎಣಿಸಿ ಸಹಿ ಹಾಕಿಸಿಕೋ. ಬೈಯಿಸಿಕೊಂಡರೂ ಸರಿ.

ಕೊನೆಗೆ ಒಂದು. 2009ರಲ್ಲಿ ನನ್ನ ಪೆಟ್ಟಿಗೆಯಲ್ಲಿ ಐನೂರು ಕಡಿಮೆ ಬಿತ್ತು. ಆಗ ನನ್ನ ಸಂಬಳ ಎರಡೂವರೆ ಸಾವಿರ. ಹಿಡಿದುಕೊಂಡರು. ಮೂರು ವಾರದ ಮೇಲೆ ಡ್ರಾಯರ್ ಕೆಟ್ಟಿತೆಂದು ರಿಪೇರಿಯವನು ಬಂದು ಪೂರ್ತಿ ಹೊರಗೆ ಎಳೆದ. ಹಿಂದಿನ ಸಂದಿಯಲ್ಲಿ ಆ ನೋಟು ನಾಲ್ಕು ಮಡಿಕೆಯಾಗಿ ಸಿಕ್ಕಿಕೊಂಡಿತ್ತು. ಜೊತೆಗೆ ಒಂದು ಸತ್ತ ಜಿರಲೆ. ರಾತ್ರಿ ಲೆಕ್ಕ ತಪ್ಪಿದರೆ ಮೊದಲು ತಟ್ಟೆಯನ್ನು ಎತ್ತಿ ಕೈ ಹಾಕಿ ನೋಡು.

ಕಪಾಟಿನ ಮೇಲೆ ಅಡುಗೆ ಎಣ್ಣೆಗೆ ಒಂದು ದರ, ಬಿಲ್ಲಿನಲ್ಲಿ ಏಳು ರೂಪಾಯಿ ಹೆಚ್ಚು. ಕೇಳಿದರೆ "ಬಾರ್‌ಕೋಡಿನಲ್ಲೇ ಹಾಗಿದೆ" ಎನ್ನುತ್ತಾರೆ. ಬಾರ್‌ಕೋಡ್ ಸುಳ್ಳು ಹೇಳುತ್ತದೆಯೇ? (ಬೀದರ್)

ಬಾರ್‌ಕೋಡಿಗೆ ದರವೇ ಗೊತ್ತಿಲ್ಲ. ಅದರಲ್ಲಿ ಇರುವುದು ವಸ್ತುವಿನ ಸಂಖ್ಯೆ ಮಾತ್ರ. ಆ ಸಂಖ್ಯೆಯ ಮುಂದೆ ದರ ಬರೆದಿರುವುದು ಅಂಗಡಿಯ ಕಂಪ್ಯೂಟರಿನಲ್ಲಿ. ಕಂಪ್ಯೂಟರಿನಲ್ಲಿ ದರ ಏರಿಸಿ, ಕಪಾಟಿನ ಚೀಟಿ ಬದಲಿಸಲು ಮರೆತಿದ್ದಾರೆ ಅಥವಾ ರಿಯಾಯಿತಿ ಮುಗಿದ ಮೇಲೂ ಚೀಟಿ ಅಂಟಿಕೊಂಡೇ ಇದೆ. ತಪ್ಪು ಅಂಗಡಿಯದು, ಕ್ಯಾಷಿಯರ್ ಹುಡುಗಿಯದಲ್ಲ. ಬೈಯುವುದಾದರೆ ಮ್ಯಾನೇಜರನ್ನು ಕರೆಸಿ ಬೈಯಿರಿ. ಕಪಾಟಿನ ಚೀಟಿಯ ಫೋಟೊ ತೆಗೆದುಕೊಂಡು ಬಂದರೆ ಮಾತು ಬೇಗ ಮುಗಿಯುತ್ತದೆ. ಪೊಟ್ಟಣದ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಹಾಕಿದರೂ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಬಾರ್‌ಕೋಡ್ ಸುಳ್ಳು ಹೇಳುವುದಿಲ್ಲ ಎನ್ನುವುದಕ್ಕೆ ಒಂದು ಆಟ ಹೇಳುತ್ತೇನೆ, ಮನೆಯಲ್ಲಿ ಮಕ್ಕಳ ಜೊತೆ ಆಡಿ. ಗೆರೆಗಳ ಕೆಳಗೆ ಹದಿಮೂರು ಅಂಕಿ ಇರುತ್ತದೆ. 8901234567890 ಎಂದಿಟ್ಟುಕೊಳ್ಳಿ. ಕೊನೆಯ ಅಂಕಿಯನ್ನು ಬಿಡಿ. ಎಡದಿಂದ ಒಂದು, ಮೂರು, ಐದನೆಯ ಹೀಗೆ ಬೆಸ ಸ್ಥಾನದವನ್ನು ಕೂಡಿದರೆ 28. ಸಮ ಸ್ಥಾನದವನ್ನು ಕೂಡಿದರೆ 34, ಅದನ್ನು ಮೂರರಿಂದ ಗುಣಿಸಿದರೆ 102. ಒಟ್ಟು 130. ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಬೇಕೋ ಅದೇ ಕೊನೆಯ ಅಂಕಿ. ಇಲ್ಲಿ ಏನೂ ಬೇಡ, ಆದ್ದರಿಂದ ಸೊನ್ನೆ. ಕೈಯಿಂದ ಒತ್ತುವಾಗ ನಾನು 1 ಮತ್ತು 2ನ್ನು ಅದಲು ಬದಲು ಮಾಡಿದರೆ ಮೊತ್ತ 132 ಆಗುತ್ತದೆ, ಕೊನೆಗೆ 8 ಬೇಕಾಗುತ್ತದೆ, ಇರುವುದು ಸೊನ್ನೆ, ಯಂತ್ರ ಒಪ್ಪುವುದಿಲ್ಲ. ಇದು ಗೊತ್ತಾದ ದಿನ ನಾನು ಮನೆಯಲ್ಲಿದ್ದ ಸೋಪು, ಟೂತ್‌ಪೇಸ್ಟು ಎಲ್ಲವನ್ನೂ ಲೆಕ್ಕ ಹಾಕಿ ನೋಡಿದ್ದೇನೆ. ಒಂದೂ ತಪ್ಪಲಿಲ್ಲ.

890ರಿಂದ ಆರಂಭವಾದರೆ ಭಾರತದಲ್ಲಿ ತಯಾರಾದದ್ದು ಎಂದು ಮೊಬೈಲಿನಲ್ಲಿ ಸಂದೇಶ ಓಡಾಡುತ್ತದೆ. ಹಾಗಲ್ಲ. ಆ ಕಂಪನಿ ಭಾರತದ ಸಂಸ್ಥೆಯಲ್ಲಿ ಸಂಖ್ಯೆಯನ್ನು ಪಡೆದಿದೆ ಎಂದಷ್ಟೇ ಅರ್ಥ. ಸಡಿಲ ತೊಗರಿಬೇಳೆಯನ್ನು ತೂಗಿ ಅಂಟಿಸುವ ಚೀಟಿ ಮಾತ್ರ ಬೇರೆ. ಅದು ಸಾಮಾನ್ಯವಾಗಿ 2ರಿಂದ ಆರಂಭವಾಗುತ್ತದೆ, ಅಂಗಡಿಯ ಒಳಗಿನ ಬಳಕೆಗೆ ಮೀಸಲು. ಅದರಲ್ಲಿ ತೂಕವೋ ಬೆಲೆಯೋ ಅಡಗಿರುತ್ತದೆ. ನೀವು ಅನುಮಾನ ಪಡುವುದಿದ್ದರೆ ಆ ಚೀಟಿಯನ್ನು ನೋಡಿ ಪಡಿ, ಎಣ್ಣೆಯ ಪೊಟ್ಟಣವನ್ನು ಬಿಡಿ.

ಮೊಬೈಲ್ ನಂಬರ್ ಕೊಡದಿದ್ದರೆ ಬಿಲ್ ಆಗುವುದಿಲ್ಲ ಎನ್ನುತ್ತಾರೆ. ಚೀಲಕ್ಕೂ ಹಣ ಕೇಳುತ್ತಾರೆ. (ಹುಮನಾಬಾದ್, ನಿವೃತ್ತ ಶಿಕ್ಷಕರು)

ಗುರುಗಳೇ, ನಂಬರ್ ಕೊಡಬೇಕಾಗಿಲ್ಲ. ಬಿಲ್ ಮಾಡಲು ಮೊಬೈಲ್ ನಂಬರಿಗೆ ಒತ್ತಾಯಿಸಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಯವರಿಗೆ ತಿಳಿಸಿದೆ. "ಬೇಡ" ಎಂದು ಶಾಂತವಾಗಿ ಹೇಳಿ. ಕೇಳುವ ಹುಡುಗಿಗೆ ದಿನಕ್ಕೆ ಇಷ್ಟು ನಂಬರ್ ಹಿಡಿಯಬೇಕು ಎಂದು ಮೇಲಿನವರ ಒತ್ತಡ ಇರುತ್ತದೆ. ನಾನೂ ಕೇಳಿದ್ದೇನೆ, ಈಗ ಹೇಳಲು ನಾಚಿಕೆಯಾಗುತ್ತದೆ. ಒಬ್ಬ ಅಜ್ಜ ನನಗೆ ತಮ್ಮ ನಂಬರ್ ಬದಲು ಮನೆಯ ವಿದ್ಯುತ್ ಮೀಟರಿನ ನಂಬರ್ ಹೇಳಿ ಹೋದರು. ಅಂಕಿಗಳು ಸಾಲದೆ ಯಂತ್ರ ಗುರುಗುಟ್ಟಿತು.

ಚೀಲ: ಮೊದಲೇ ತಿಳಿಸದೆ, ಬಿಲ್ ಆಗುವ ಹೊತ್ತಿಗೆ ಚೀಲದ ಹಣ ಸೇರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ 2020ರ ಡಿಸೆಂಬರಿನಲ್ಲಿ ಹೇಳಿದೆ. ಬಾಗಿಲಲ್ಲೇ ಫಲಕ ಹಾಕಿದ್ದರೆ ಮಾತು ಬೇರೆ. ಮನೆಯಿಂದ ಬಟ್ಟೆಯ ಚೀಲ ಒಯ್ಯುವುದು ಎಲ್ಲಕ್ಕಿಂತ ಸಲೀಸು.

ಚಿಲ್ಲರೆಗೆ ಚಾಕಲೇಟ್ ಕೊಡುತ್ತಾರೆ. ನಾನು ಹತ್ತರ ನಾಣ್ಯ ಕೊಟ್ಟರೆ ನಡೆಯುವುದಿಲ್ಲ ಎನ್ನುತ್ತಾರೆ. (ಯಾದಗಿರಿ)

ಹತ್ತರ ನಾಣ್ಯ ನಡೆಯುತ್ತದೆ. ಹದಿನಾಲ್ಕು ವಿನ್ಯಾಸಗಳಿವೆ, ಎಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ನಡೆಯುವುದಿಲ್ಲ ಎಂಬ ಗಾಳಿಸುದ್ದಿ ನಮ್ಮ ಕಡೆ ಬಂದು ಕುಳಿತದ್ದು ಇನ್ನೂ ಎದ್ದು ಹೋಗಿಲ್ಲ. ಚಾಕಲೇಟ್ ಬೇಡ ಎನ್ನುವ ಹಕ್ಕು ನಿಮಗಿದೆ. ನೀವು ಅದೇ ಚಾಕಲೇಟುಗಳನ್ನು ಕೂಡಿಟ್ಟು ಮುಂದಿನ ಬಿಲ್ಲಿಗೆ ಕೊಡಿ, ತೆಗೆದುಕೊಳ್ಳುತ್ತಾರೆಯೇ ನೋಡೋಣ.

ಹಿಂದೆ ಕಿರಾಣಿ ಸಾಹುಕಾರರು ಮನೆಯವರೆಲ್ಲರ ಕ್ಷೇಮ ಕೇಳುತ್ತಿದ್ದರು. ಈಗಿನ ಕ್ಯಾಷಿಯರ್‌ಗಳು ಮುಖ ಎತ್ತಿಯೂ ನೋಡುವುದಿಲ್ಲ, ನಗುವುದಂತೂ ಇಲ್ಲವೇ ಇಲ್ಲ. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್‌ಗಳು ಏಕೆ ಹೀಗಾದವು? (ಕಲಬುರಗಿ)

ಹೊರಗಿನ ಓದುಗರಿಗೆ ಮೊದಲು ಒಂದು ಮಾತು: ಕಲಬುರಗಿಯಲ್ಲಿ ಆಟೊದವನಿಗೆ "ಸೂಪರ್ ಮಾರ್ಕೆಟ್" ಎಂದರೆ ಅವನು ನಿಮ್ಮನ್ನು ತಳ್ಳುಗಾಡಿ, ಬಟ್ಟೆ ಅಂಗಡಿ, ಜನಜಂಗುಳಿಯ ಒಂದು ಬಜಾರಿಗೆ ಕರೆದುಕೊಂಡು ಹೋಗುತ್ತಾನೆ. ಅದು ಇಲ್ಲಿ ಜಾಗದ ಹೆಸರು. ನೀವು ಕೇಳಿದ್ದು ಎಸಿ ಹಾಕಿದ ಮಳಿಗೆಗಳ ಬಗ್ಗೆ ಎಂದುಕೊಂಡಿದ್ದೇನೆ.

ಅಣ್ಣಾವ್ರೇ, ಸಾಹುಕಾರರು ಕ್ಷೇಮ ಕೇಳುತ್ತಿದ್ದುದು ನಿಜ. ಉದ್ರಿ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಬಾಕಿ ಎಷ್ಟಿದೆ ಎಂಬುದೂ ಅವರಿಗೆ ಗೊತ್ತಿತ್ತು. "ತಮ್ಮ ಊರಿಂದ ಬಂದನೇ?" ಎಂದರೆ "ತೊಗರಿ ಮಾರಿದ ರೊಕ್ಕ ಬಂತೇ?" ಎಂದು ಅರ್ಥ. ನಾನು ಚೀಟಿ ಬರೆಯುತ್ತಿದ್ದ ಅಂಗಡಿಯಲ್ಲಿ ನಗುವಿಗೂ ಬಾಕಿಗೂ ಲೆಕ್ಕ ಇತ್ತು. ಮಳೆ ಬಾರದ ವರ್ಷ ನಗು ಕಡಿಮೆಯಾಗುತ್ತಿತ್ತು. ಆದರೂ ಅದೇ ಸಾಹುಕಾರರು ಹೆರಿಗೆಯ ಮನೆಗೆ ತುಪ್ಪ, ಬೆಲ್ಲ ಬರೆಯದೆ ಕೊಟ್ಟದ್ದನ್ನೂ ಕಂಡಿದ್ದೇನೆ. ಅದು ಹಾಗೂ ಇತ್ತು, ಹೀಗೂ ಇತ್ತು.

ದೊಡ್ಡ ಮಳಿಗೆಯಲ್ಲಿ ಉದ್ರಿ ಇಲ್ಲ ಎನ್ನುತ್ತಾರೆ. ನಾನು ಒಂದು ವಾರ ಅಲ್ಲಿಯೂ ಉದ್ರಿ ಬರೆದಿದ್ದೇನೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000ದ ನೋಟು ರದ್ದಾದವು. ಎರಡು ಮೂರು ದಿನ ಬಿಟ್ಟು ಬ್ಯಾಂಕಿನಿಂದ ಜನ ಗುಲಾಬಿ ಬಣ್ಣದ 2000ದ ನೋಟು ಹಿಡಿದುಕೊಂಡು ಬಂದರು. ಬಿಲ್ 140, ನೋಟು 2000. ನನ್ನ ಪೆಟ್ಟಿಗೆಯಲ್ಲಿ ಒಟ್ಟು ಇದ್ದದ್ದೇ ಒಂಬೈನೂರು. ಹಾಲಿನ ಪುಡಿಯ ಡಬ್ಬಿ ಹಿಡಿದ ಒಬ್ಬ ಹೆಣ್ಣುಮಗಳು ಕೌಂಟರಿನ ಮುಂದೆ ಏನೂ ಮಾತನಾಡದೆ ನಿಂತೇ ಇದ್ದಳು. ಬಿಲ್ಲಿನ ಹಿಂದೆ ಅವಳ ಮನೆಯ ಓಣಿ ಬರೆದುಕೊಂಡು ಡಬ್ಬಿ ಕೊಟ್ಟು ಕಳುಹಿಸಿದೆ. ಮಾಲೀಕರು ನೋಡಿದರು, ಬೈಯಲಿಲ್ಲ, "ಹಿಂದೆ ಬರೆಯಬೇಡ, ಒಂದು ವಹಿ ಮಾಡು" ಎಂದರು. ಆ ವಾರದಲ್ಲಿ ಅರವತ್ತೊಂದು ಹೆಸರು ಬರೆದೆ. ಐವತ್ತೆಂಟು ಜನ ತಂದು ಕೊಟ್ಟರು.

ಈಗ ಮುಖ ಏಕೆ ಎತ್ತುವುದಿಲ್ಲ ಎಂದರೆ, ನೀವೂ ಎತ್ತುವುದಿಲ್ಲ. ನಾನು ಸಂಬಳದ ವಾರದ ಸಂಜೆಗಳಲ್ಲಿ ನೋಡಿದ್ದೇನೆ, ಹತ್ತರಲ್ಲಿ ಆರು ಜನ ಫೋನಿನಲ್ಲಿ ಮಾತನಾಡುತ್ತಲೇ ಸಾಮಾನು ಇಡುತ್ತಾರೆ, ಮಾತನಾಡುತ್ತಲೇ ಕ್ಯೂಆರ್ ಕೋಡಿಗೆ ಫೋನ್ ಹಿಡಿಯುತ್ತಾರೆ. "ಹಣ ಬಂದಿದೆ" ಎಂದು ಕೂಗುವುದು ಧ್ವನಿಯ ಡಬ್ಬಿ. ಇಬ್ಬರಲ್ಲಿ ಯಾರೂ ಬಾಯಿ ತೆರೆಯುವ ಕೆಲಸವೇ ಇಲ್ಲ. ಆ ಹುಡುಗಿ ಅಷ್ಟು ಹೊತ್ತಿಗೆ ಎಂಟು ಗಂಟೆ ನಿಂತಿರುತ್ತಾಳೆ. ನಗು ಸಂಬಳದಲ್ಲಿ ಸೇರಿಲ್ಲ.

ಹಾಗೆಂದು ಎಲ್ಲರೂ ಒಂದೇ ಅಲ್ಲ. ಫರಹತಾಬಾದ್ ಕಡೆಯಿಂದ ಒಬ್ಬ ಅಜ್ಜಿ ತಿಂಗಳಿಗೊಮ್ಮೆ ಬರುತ್ತಿದ್ದರು. ಸೆರಗಿನ ತುದಿಯ ಗಂಟನ್ನು ಹಲ್ಲಿನಿಂದ ಬಿಚ್ಚಿ, ಬೆವರಿಗೆ ಮೆತ್ತಗಾದ ನೋಟುಗಳನ್ನು ಒಂದೊಂದಾಗಿ ಕೌಂಟರಿನ ಮೇಲೆ ಇಸ್ತ್ರಿ ಮಾಡಿದ ಹಾಗೆ ಸವರುತ್ತಿದ್ದರು. ಎಣಿಸುವುದು ಅವರೇ. ನಾನು ಬರೀ "ಹೂಂ" ಎನ್ನಬೇಕು. ಹಿಂದಿನ ಸಾಲು ಕೊತಕೊತ ಕುದಿಯುತ್ತಿತ್ತು. ಈಚೆಗೆ ಮೊಮ್ಮಗ ಬಂದು ಎರಡು ಸೆಕೆಂಡಿನಲ್ಲಿ ಫೋನಿನಿಂದ ಕೊಟ್ಟು ಹೋಗುತ್ತಾನೆ. ಅಜ್ಜಿ ಹೇಗಿದ್ದಾರೆ ಎಂದು ಕೇಳುವಷ್ಟರಲ್ಲಿ ಅವನು ಬಾಗಿಲು ದಾಟಿರುತ್ತಾನೆ.

ಬಿ.ಕಾಂ. ಮುಗಿಸಿದ್ದೇನೆ. ಕ್ಯಾಷಿಯರ್ ಕೆಲಸ ಸಿಕ್ಕಿದೆ. ಇನ್ನು ಐದು ವರ್ಷದಲ್ಲಿ ಯಂತ್ರಗಳೇ ಬಿಲ್ ಮಾಡುತ್ತವೆ, ಸೇರಬೇಡ ಎಂದು ಮಾವ ಹೇಳುತ್ತಾರೆ. (ಶಹಾಬಾದ್)

ಮಾವನವರ ಭಯ ಹೊಸದಲ್ಲ. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಪಿಗ್ಲಿ ವಿಗ್ಲಿ ಎಂಬ ಅಂಗಡಿ ತೆರೆಯಿತು. ಅಲ್ಲಿಯವರೆಗೆ ಅವರೂ ನಮ್ಮ ಕಿರಾಣಿಯಂತೆಯೇ ಚೀಟಿ ಕೊಟ್ಟು ನಿಲ್ಲುತ್ತಿದ್ದರು, ಒಳಗಿನವರು ಕಟ್ಟಿ ಕೊಡುತ್ತಿದ್ದರು. ಈ ಅಂಗಡಿಯಲ್ಲಿ ಗ್ರಾಹಕರೇ ಬುಟ್ಟಿ ಹಿಡಿದು ಆರಿಸಿಕೊಳ್ಳಬೇಕು, ಕೊನೆಗೆ ಗಲ್ಲಾ. ಸಾಮಾನು ತೆಗೆದುಕೊಡುವವರ ಕೆಲಸ ಹೋಯಿತು, ಕ್ಯಾಷಿಯರಿನ ಕೆಲಸ ಹುಟ್ಟಿತು. 1974ರ ಜೂನ್ 26ರಂದು ಓಹಾಯೊ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ ಚ್ಯೂಯಿಂಗ್ ಗಮ್ಮಿನ ಒಂದು ಪೊಟ್ಟಣವನ್ನು ಮೊದಲ ಬಾರಿಗೆ ಬಾರ್‌ಕೋಡಿನಿಂದ ಬಿಲ್ ಮಾಡಿದರು. ಆಗಲೂ ಕ್ಯಾಷಿಯರ್ ಹೋಗಲಿಲ್ಲ, ದರ ನೆನಪಿಡುವ ಅವರ ಜಾಣ್ಮೆ ಹೋಯಿತು. ನಾನು ಸೇರಿದಾಗ ಎಪ್ಪತ್ತು ಎಂಬತ್ತು ಸಾಮಾನಿನ ದರ ಬಾಯಿಪಾಠ ಇತ್ತು. ಈಗ ನನ್ನ ಮನೆಯ ಸಕ್ಕರೆಯ ದರವೂ ಬಿಲ್ ನೋಡಿದ ಮೇಲೆಯೇ ಗೊತ್ತಾಗುವುದು.

ಗ್ರಾಹಕರೇ ಸ್ಕ್ಯಾನ್ ಮಾಡುವ ಯಂತ್ರವನ್ನು ನಾನು ಹೈದರಾಬಾದಿನಲ್ಲಿ ತಂಗಿಯ ಮನೆಗೆ ಹೋದಾಗ ನೋಡಿದೆ. ಬಿಸ್ಕತ್ತು, ಸೋಪು ಸರಸರನೆ ಆದವು. ಬಾಳೆಹಣ್ಣಿಗೆ ಬಂದಾಗ ನಿಂತಿತು, ಅದಕ್ಕೆ ಗೆರೆ ಇಲ್ಲವಲ್ಲ. ತಂಗಿ ಪರದೆಯ ಮೇಲೆ ಹುಡುಕಿದಳು, ಕೆಂಪು ದೀಪ ಹತ್ತಿತು, ನೀಲಿ ಅಂಗಿಯ ಹುಡುಗಿಯೊಬ್ಬಳು ಓಡಿ ಬಂದು ಕಾರ್ಡ್ ತೋರಿಸಿ ಸರಿಮಾಡಿ ಪಕ್ಕದ ಯಂತ್ರಕ್ಕೆ ಓಡಿದಳು. ನಾಲ್ಕು ಯಂತ್ರ, ಒಬ್ಬಳೇ ಹುಡುಗಿ. ನಾನು ಸಾಮಾನು ಬಿಟ್ಟು ಅವಳನ್ನೇ ನೋಡುತ್ತ ನಿಂತೆ. ನಾಲ್ವರ ಕೆಲಸ ಒಬ್ಬಳ ಮೇಲೆ ಬಿದ್ದಿದೆ, ಬೈಗುಳವೂ ನಾಲ್ವರದ್ದು.

ಇಂಗ್ಲೆಂಡಿನ ಉತ್ತರ ಭಾಗದ ಬೂತ್ಸ್ ಎಂಬ ಮಳಿಗೆಯವರು 2023ರಲ್ಲಿ ತಮ್ಮ 28 ಅಂಗಡಿಗಳಲ್ಲಿ ಎರಡನ್ನು ಬಿಟ್ಟು ಉಳಿದೆಡೆ ಇಂತಹ ಯಂತ್ರಗಳನ್ನು ತೆಗೆದು ಮತ್ತೆ ಮನುಷ್ಯರನ್ನು ಕೂರಿಸಲು ತೀರ್ಮಾನಿಸಿದರು. ಹಾಗಾಗಿ ಐದು ವರ್ಷ ಎಂಬ ಮಾವನವರ ಲೆಕ್ಕವನ್ನು ನಾನು ನಂಬುವುದಿಲ್ಲ. ಆದರೆ ಗಲ್ಲಾದಲ್ಲೇ ಕುಳಿತು ನಿವೃತ್ತಿಯಾಗುತ್ತೇನೆ ಎಂದುಕೊಂಡು ಸೇರಬೇಡ. ಬಿ.ಕಾಂ. ಓದಿದವನು ನೀನು, ದಾಸ್ತಾನು, ಜಿಎಸ್‌ಟಿ ಲೆಕ್ಕ, ಖರೀದಿ ಇವುಗಳ ಮೇಲೆ ಕಣ್ಣಿಡು. ಒಂದು ವರ್ಷ ಕೌಂಟರಿನಲ್ಲಿ ನಿಂತರೆ ಊರು ಏನನ್ನು ತಿನ್ನುತ್ತದೆ, ತಿಂಗಳ ಯಾವ ತಾರೀಖಿಗೆ ಕೈ ಬಿಗಿ ಹಿಡಿಯುತ್ತದೆ ಎಂಬುದು ತಿಳಿಯುತ್ತದೆ. ಆಫೀಸಿನಲ್ಲಿ ಕುಳಿತವರಿಗೆ ಅದು ತಿಳಿಯುವುದಿಲ್ಲ.

ಹೆಂಡತಿ ಕ್ಯಾಷಿಯರ್. ರಾತ್ರಿ ಕಾಲು ಊದಿಕೊಂಡಿರುತ್ತದೆ. ಕುರ್ಚಿ ಕೊಡುವುದಿಲ್ಲವಂತೆ. (ಸುರಪುರ)

ಅಂಗಡಿ ನೌಕರರಿಗೆ ಕುಳಿತುಕೊಳ್ಳುವ ವ್ಯವಸ್ಥೆ ಇರಲೇಬೇಕು ಎಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ಕುರ್ಚಿ ಕೊಟ್ಟರೆ ಗ್ರಾಹಕರಿಗೆ ಮರ್ಯಾದೆ ಕಡಿಮೆಯಾಗುತ್ತದೆ ಎನ್ನುವ ಮಾಲೀಕರು ತಾವು ಮಾತ್ರ ನಿಂತು ವ್ಯಾಪಾರ ಮಾಡಿದ್ದನ್ನು ನಾನು ಕಂಡಿಲ್ಲ. ನಾಲ್ಕೈದು ಜನ ಸೇರಿ ಎತ್ತರದ ಸ್ಟೂಲ್ ಕೇಳಲಿ, ಒಬ್ಬರೇ ಕೇಳುವುದು ಬೇಡ. ಅಲ್ಲಿಯವರೆಗೆ ಕಾಲಕೆಳಗೆ ಮಡಚಿದ ಗೋಣಿಚೀಲ, ಒಂದು ಕಾಲಿಗೆ ಆಸರೆಯಾಗಿ ಸಣ್ಣ ಮಣೆ. ಊತ ಬೆಳಗ್ಗೆಯೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ, ಮುಂದೂಡಬೇಡಿ. ನಾನು ಮುಂದೂಡಿದೆ.

ಬೇಸಿಗೆಯಲ್ಲಿ ಬಿಲ್ಲು ಪೂರ್ತಿ ಕಪ್ಪಾಯಿತು. ಮಿಕ್ಸರಿನ ಗ್ಯಾರಂಟಿ ಹೋಯಿತೇ? (ಆಳಂದ)

ಆ ಕಾಗದದಲ್ಲಿ ಶಾಯಿ ಇಲ್ಲ, ಬಿಸಿ ತಾಗಿದಲ್ಲಿ ಕಪ್ಪಾಗುವ ಲೇಪನ ಇದೆ. ನಮ್ಮ ಮೇ ತಿಂಗಳಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಬಿಟ್ಟರೆ ರೊಟ್ಟಿಯ ಹಂಚಿನ ಮೇಲೆ ಇಟ್ಟ ಹಾಗೆಯೇ. ಅಂಗಡಿಗೆ ಹೋಗಿ ಕೊಂಡ ತಾರೀಖು, ಮೊತ್ತ ಹೇಳಿ. ಕಂಪ್ಯೂಟರಿನಿಂದ ಮತ್ತೊಂದು ಪ್ರತಿ ತೆಗೆದು ಕೊಡಲು ಬರುತ್ತದೆ. ಮುಂದಿನ ಸಲ ಕೊಂಡ ದಿನವೇ ಫೋಟೊ ತೆಗೆದಿಡಿ.

ಸ್ಕ್ಯಾನ್ ಮಾಡಿದಾಗ ಬೀಪ್ ಎಂದು ಏಕೆ ಶಬ್ದ ಬರುತ್ತದೆ? (ಶಹಾಪುರ, ಆರನೆಯ ತರಗತಿ)

ಮರಿ, ಎಲ್ಲರಿಗಿಂತ ಒಳ್ಳೆಯ ಪ್ರಶ್ನೆ ನಿನ್ನದು. ಯಂತ್ರದ ಕೆಂಪು ಬೆಳಕು ಗೆರೆಗಳ ಮೇಲೆ ಓಡುತ್ತದೆ. ಕಪ್ಪು ಗೆರೆ ಬೆಳಕನ್ನು ನುಂಗುತ್ತದೆ, ಬಿಳಿ ಜಾಗ ತಿರುಗಿ ಕಳುಹಿಸುತ್ತದೆ. ಅದರಿಂದ ಅಂಕಿ ಓದಿ, ಕೊನೆಯ ಅಂಕಿ ಹೊಂದಿಕೆಯಾದರೆ "ತಿಳಿಯಿತು" ಎಂದು ಬೀಪ್ ಹೇಳುತ್ತದೆ. ಆಗ ನಾನು ಪರದೆಯನ್ನು ನೋಡದೆ ಮುಂದಿನದನ್ನು ಎತ್ತಿಕೊಳ್ಳಬಹುದು. ಒಂದು ಸಾಮಾನಿಗೆ ಎರಡು ಬೀಪ್ ಕೇಳಿಸಿದರೆ ಅಮ್ಮನಿಗೆ ತಕ್ಷಣ ಹೇಳು, ಎರಡು ಸಲ ಲೆಕ್ಕವಾಗಿರಬಹುದು.

ಒಮ್ಮೆ ಯಂತ್ರ ಸರಿಮಾಡಲು ಬಂದ ಹುಡುಗನಿಗೆ ಕೇಳಿದೆ, ಪ್ರತಿ ಬಿಲ್ಲಿನ ಮೊದಲ ಸಾಮಾನಿಗೆ ಬೀಪ್ ಬದಲು "ಲಾಭ" ಎಂದು ಹೇಳಿಸಲು ಬರುತ್ತದೆಯೇ ಎಂದು. ಅವನು ಸ್ವಲ್ಪ ಯೋಚಿಸಿ, "ಬರುತ್ತದೆ ಮೇಡಂ. ಆದರೆ ಗ್ರಾಹಕರು ಕೇಳಿಸಿಕೊಂಡರೆ ಎಷ್ಟು ಲಾಭ ಎಂದು ಜಗಳಕ್ಕೆ ನಿಲ್ಲುತ್ತಾರೆ" ಎಂದ.